ಬಾಗಿಲು ತಿಂದ ಇನ್ಸ್‌ಪೆಕ್ಟರು

ಪ್ರೆಸ್ಸಿನಲ್ಲಿ ಅವನಿಗೆ ತಿದ್ದುಪಡಿ ಎಂದು ಹೆಸರು. ಕರಡು ತಿದ್ದುವ ಕೆಲಸದಿಂದ ಬಂದ ಹೆಸರಲ್ಲ. ಆ ಕೆಲಸದವರು ಅಲ್ಲಿ ಬೇರೆಯವರೂ ಇದ್ದರು. ಇವನು ಅಚ್ಚಿನಲ್ಲಿದ್ದದ್ದರ ಜೊತೆಗೆ ಬಾಯಿಂದ ಬಂದದ್ದನ್ನೂ ತಿದ್ದುತ್ತಿದ್ದ. ಯಾರಾದರೂ ಹೊಟ್ಟೆನೋವೆಂದು ರಜೆ ಕೇಳಿದರೆ, ನೋವಿರುವುದು ಹೊಟ್ಟೆಯಲ್ಲೋ ಕರುಳಿನಲ್ಲೋ ಎಂದು ವಿಚಾರಿಸಿ, ಆಮೇಲೆ ಅಯ್ಯೋ ಪಾಪ ಎನ್ನುತ್ತಿದ್ದ. ಇಂಥವನಿಗೂ ಒಬ್ಬ ಗೆಳೆಯನಿದ್ದ ಎನ್ನುವುದು ಆ ಕಟ್ಟಡದ ಬಗೆಹರಿಯದ ಪ್ರಶ್ನೆಗಳಲ್ಲೊಂದು. ಆ ಗೆಳೆಯನೇ ಬೈಂಡರ್.

ಬೈಂಡರ್ ತೀರಿಕೊಂಡದ್ದು ಒಂದು ಭಾನುವಾರ ಬೆಳಗ್ಗೆ. ಚಪ್ಪಲಿ ಹಾಕಿಕೊಳ್ಳಲೆಂದು ಕುರ್ಚಿಯಲ್ಲಿ ಕುಳಿತವನು ಮತ್ತೆ ಏಳಲಿಲ್ಲ. ರಾಶಿಗಟ್ಟಲೆ ಕೊಲೆಗಳನ್ನು ಓದಿ ಅರಗಿಸಿಕೊಂಡಿದ್ದ ಮನುಷ್ಯ; ಅವನ ಸಾವಿನಲ್ಲಿ ಮಾತ್ರ ಪತ್ತೆ ಹಚ್ಚುವಂಥದ್ದು ಏನೂ ಇರಲಿಲ್ಲ. ಹೃದಯ ನಿಂತಿತು ಎಂದರು ಡಾಕ್ಟರು, ಅಷ್ಟೇ. ಇಷ್ಟು ಸಲೀಸಾದ ಉತ್ತರ ಕೊಟ್ಟರೆ ಪುಸ್ತಕ ಯಾರು ಕೊಳ್ಳುತ್ತಾರೆ ಎಂದು ಅವನಾಗಿದ್ದರೆ ಕೇಳುತ್ತಿದ್ದ.

ಅವನು ಪ್ರೆಸ್ಸಿಗೆ ಸೇರಿದಾಗ ಮೀಸೆ ಇನ್ನೂ ಸರಿಯಾಗಿ ಮೂಡಿರಲಿಲ್ಲವಂತೆ. ಶಾಲೆಯ ಪುಸ್ತಕ ಬಿಟ್ಟು ಬೇರೆಯದನ್ನು ಮುಟ್ಟಿದವನಲ್ಲ, ಶಾಲೆಯದನ್ನೂ ಮುಟ್ಟಿದ್ದು ಕಡಿಮೆ. ಅಚ್ಚಾಗಿ ಬಂದ ದೊಡ್ಡ ಹಾಳೆಯನ್ನು ಮಡಿಚಿದರೆ ಹದಿನಾರು ಪುಟಗಳ ಒಂದು ಕಟ್ಟಾಗುತ್ತದೆ. ಪ್ರೆಸ್ಸಿನವರು ಅದಕ್ಕೆ ಫಾರಂ ಎನ್ನುತ್ತಾರೆ. ಮಡಿಚುವ ಮೇಜಿನಲ್ಲಿ ಒಬ್ಬೊಬ್ಬರಿಗೆ ಒಂದೊಂದು ಫಾರಂ. ಮೊದಲ ದಿನ ಇವನ ಪಾಲಿಗೆ ಬಂದದ್ದು ಒಂದು ಪತ್ತೇದಾರಿ ಕಾದಂಬರಿಯ ನಟ್ಟನಡುವಿನ ಫಾರಂ. ಮಡಿಚುತ್ತ ಮಡಿಚುತ್ತ ಕಣ್ಣಿಗೆ ಬಿದ್ದ ಸಾಲುಗಳನ್ನು ಓದಿದ. ಯಾರೋ ಒಬ್ಬಳು ಅಟ್ಟದ ಮೇಲಿನ ಪೆಟ್ಟಿಗೆಯ ಮುಚ್ಚಳ ಎತ್ತುತ್ತಾಳೆ. ಅಲ್ಲಿಗೆ ಫಾರಂ ಮುಗಿಯಿತು. ಪೆಟ್ಟಿಗೆಯೊಳಗೆ ಏನಿತ್ತು ಎನ್ನುವುದು ಪಕ್ಕದವನ ಕೈಯಲ್ಲಿತ್ತು, ಪಕ್ಕದವನೋ ಮೂಗಿನ ತುದಿಯಲ್ಲಿ ಕೋಪ ಇಟ್ಟುಕೊಂಡಿದ್ದ ಮುದುಕ. ಕೊನೆಗೆ ಪುಸ್ತಕವನ್ನೇ ಕೊಂಡು ಓದಿದ. “ಪೆಟ್ಟಿಗೆಯಲ್ಲಿದ್ದದ್ದು ಬರೀ ಹಳೇ ಸ್ವೆಟರು ಕಣೋ. ಮೋಸ ಹೋದೆ ಅಂತ ಗೊತ್ತಾಗೋ ಹೊತ್ತಿಗೆ ಚಟ ಹತ್ತಿತ್ತು” ಎನ್ನುತ್ತಿದ್ದ.

ಚಟ ಹತ್ತಿದವನಿಗೆ ಸ್ವಲ್ಪ ದಿನಗಳಲ್ಲೇ ಒಂದು ಕೊರಗೂ ಹತ್ತಿಕೊಂಡಿತು. ಪುಸ್ತಕ ಹಿಡಿದ ಬಲಗೈ ಹೆಬ್ಬೆರಳಿಗೆ ಕಥೆಯ ಗುಟ್ಟು ಮೊದಲೇ ತಿಳಿದುಹೋಗುತ್ತದೆ ಎನ್ನುವುದು ಅವನ ವಾದ. ಪೊಲೀಸರು ತೋಟದ ಮಾಲಿಯನ್ನು ಹಿಡಿದು ಜೈಲಿಗೆ ತಳ್ಳಿದರು ಎನ್ನೋಣ. ಬಲಗಡೆ ಇನ್ನೂ ಬೆರಳು ದಪ್ಪ ಹಾಳೆ ಉಳಿದಿದ್ದರೆ ಮಾಲಿ ನಿರಪರಾಧಿ; ಹಾಳೆ ತೆಳ್ಳಗಿದ್ದರೆ ಅವನೇ ಕೊಲೆಗಾರ. ಬರೆದವನು ಎಷ್ಟೇ ಜಾಣನಾಗಿರಲಿ, ಹೆಬ್ಬೆರಳಿಗೆ ಸುಳ್ಳು ಹೇಳಲಾರ. ಇದಕ್ಕೆ ಬೈಂಡರ್ ತನ್ನ ಕಸುಬಿನಲ್ಲೇ ಒಂದು ಮದ್ದು ಕಂಡುಕೊಂಡ. ಹಳೇ ಪುಸ್ತಕದ ಅಂಗಡಿಯಿಂದ ಬೆನ್ನು ಬಿಟ್ಟ ಪತ್ತೇದಾರಿ ಕಾದಂಬರಿ ತರುವುದು, ದಾರ ಬಿಚ್ಚಿ ಫಾರಂ ಫಾರಂ ಬೇರೆ ಮಾಡುವುದು, ಮುಖಪುಟ, ಶೀರ್ಷಿಕೆಯ ಪುಟ ಎಲ್ಲ ಕಿತ್ತುಹಾಕಿ, ಪುಟಸಂಖ್ಯೆ ಕೂಡ ಕಾಣದಂತೆ ಕಟಿಂಗ್ ಮಷೀನಿಗೆ ಕೊಟ್ಟು ಅಡಿಯನ್ನು ಸವರಿಬಿಡುವುದು. ಆಮೇಲೆ ಒಂದೊಂದೇ ಫಾರಂ ಓದುವುದು. ಎಷ್ಟು ಉಳಿದಿದೆ ಎಂದು ಕೈಗೂ ಗೊತ್ತಿಲ್ಲ, ಕಣ್ಣಿಗೂ ಗೊತ್ತಿಲ್ಲ.

“ನೀನೇ ಬಿಚ್ಚಿದವನು, ನಿನಗೆ ಹೇಗೆ ಗೊತ್ತಿಲ್ಲದೆ ಇರುತ್ತೆ?” ಎಂದು ತಿದ್ದುಪಡಿ ಕೇಳಿದ್ದ.

“ಬಿಚ್ಚುವಾಗ ನಾನು ಬೈಂಡರ್. ಓದುವಾಗ ನನಗೆ ಅವನ ಪರಿಚಯ ಇಲ್ಲ” ಎಂದ ಅವನು.

ಈ ವ್ಯವಹಾರಕ್ಕೆ ತಿದ್ದುಪಡಿ ಪಾಲುದಾರನಾದದ್ದು ಅಹಂಕಾರದಿಂದ. ಅವನು ದಪ್ಪ ಪುಸ್ತಕಗಳ ಮನುಷ್ಯ; ಪತ್ತೇದಾರಿಯನ್ನು ಬಸ್ಸಿನಲ್ಲಿ ಕೂಡ ಓದುವುದಿಲ್ಲ ಎಂದು, ಯಾರೂ ಕೇಳದಿದ್ದರೂ, ಹೇಳಿಕೊಂಡು ತಿರುಗುತ್ತಿದ್ದ. ಬೈಂಡರನ ಅಭಿರುಚಿಯನ್ನು ಒಂದಿಷ್ಟು ಮೇಲೆತ್ತೋಣವೆಂದು ಜೊತೆಗೆ ಓದಲು ಕುಳಿತ. ತಿಂಗಳೊಪ್ಪತ್ತಿನಲ್ಲಿ, ಮಧ್ಯಾಹ್ನದ ಗಂಟೆ ಹೊಡೆಯುವ ಮೊದಲೇ ಊಟದ ಡಬ್ಬಿ ಹಿಡಿದು ಕಟಿಂಗ್ ಮಷೀನಿನ ಹಿಂದಿನ ಕಾಗದದ ರೀಮುಗಳ ಮೇಲೆ ಕುಳಿತು, “ತಂದ್ಯಾ?” ಎಂದು ಕೇಳುವ ಸ್ಥಿತಿಗೆ ಬಂದ. ಬೈಂಡರ್ ಯಾವಾಗಲೂ ಒಂದು ಫಾರಂ ಮುಂದೆ. ತಾನು ಓದಿ ಮುಗಿಸಿದ್ದನ್ನು ಹಳೇ ಪತ್ರಿಕೆಯಲ್ಲಿ ಸುತ್ತಿ ತರುತ್ತಿದ್ದ. ಕೊಲೆಗಾರ ಯಾರೆಂದು ಇಬ್ಬರೂ ಊಹಿಸುತ್ತಿದ್ದರು, ಇಬ್ಬರೂ ತಪ್ಪುತ್ತಿದ್ದರು. ಬೈಂಡರ್ ತಪ್ಪಿದರೆ ಖುಷಿಪಡುತ್ತಿದ್ದ. ತಿದ್ದುಪಡಿ ತಪ್ಪಿದರೆ ಲೇಖಕನ ತಪ್ಪು ಹುಡುಕುತ್ತಿದ್ದ.

ಓದಿ ಮುಗಿಸಿದ ಮೇಲೆ ನೀರಿನ ನಲ್ಲಿಯ ಪಕ್ಕದ ನೋಟಿಸ್ ಬೋರ್ಡಿನಲ್ಲಿ ಇಬ್ಬರ ಅಭಿಪ್ರಾಯಗಳು ಅಕ್ಕಪಕ್ಕ ಬೀಳುತ್ತಿದ್ದವು. ಎಡಗಡೆ ಬೈಂಡರನದು, ಬಲಗಡೆ ತಿದ್ದುಪಡಿಯದು. ಪುಸ್ತಕದ ಹೆಸರು ಅವರಿಗೇ ಮರೆತಿರುತ್ತಿದ್ದುದರಿಂದ ಹಡಗಿಂದು, ಅವಳಿಗಳದ್ದು ಎಂದು ತಾವೇ ಹೆಸರಿಟ್ಟುಕೊಳ್ಳುತ್ತಿದ್ದರು. ಹಡಗಿನ ಮೇಲೆ ಕೊಲೆಯಾಗಿ, ಹತ್ತಿದವರಿಗೆಲ್ಲ ಸತ್ತವನ ಮೇಲೆ ಹಗೆ ಇದ್ದ ಕಥೆಗೆ ಬೈಂಡರ್ ಬರೆದದ್ದು: “ಇಷ್ಟು ಜನ ಕೊಲೆಗಾರರನ್ನು ಒಂದೇ ಹಡಗಿಗೆ ಹತ್ತಿಸಿದ ಟಿಕೆಟ್ ಗುಮಾಸ್ತನನ್ನು ಮೊದಲು ಹಿಡಿಯಿರಿ.” ಕೊನೆಯ ಫಾರಂನಲ್ಲಿ ಕೊಲೆಗಾರನಿಗೊಬ್ಬ ಅವಳಿ ತಮ್ಮ ಹುಟ್ಟಿಕೊಂಡ ಪುಸ್ತಕಕ್ಕೆ: “ಲೆಕ್ಕ ತಪ್ಪಿದ ಮೇಲೆ ಪ್ರಶ್ನೆಯನ್ನೇ ತಿದ್ದಿದ್ದಾರೆ.” ಗೂಢಚಾರನೊಬ್ಬ ಊರಿಂದೂರಿಗೆ ಓಡುವ ಪುಸ್ತಕಕ್ಕೆ: “ಓಡುವುದು ಚೆನ್ನಾಗಿದೆ. ಆದರೆ ಇಡೀ ಪುಸ್ತಕದಲ್ಲಿ ಈ ಮನುಷ್ಯ ಒಂದು ತುತ್ತು ತಿಂದಿಲ್ಲ. ನಂಬುವುದು ಕಷ್ಟ.” ದೊಡ್ಡ ಅಧಿಕಾರಿಯೊಬ್ಬರ ಆತ್ಮಕಥೆಗೆ: “ಎಲ್ಲರೂ ತಪ್ಪು ಮಾಡಿದ್ದಾರೆ, ಹೇಳುವವರೊಬ್ಬರನ್ನು ಬಿಟ್ಟು. ಅನುಮಾನಕ್ಕೆ ಇಷ್ಟು ಸಾಕು.” ಇನ್ನು ತಿದ್ದುಪಡಿ ಒತ್ತಾಯ ಮಾಡಿ ಓದಿಸಿದ, ಒಬ್ಬ ಮನುಷ್ಯ ಕಿಟಕಿಯ ಬಳಿ ಕುಳಿತೇ ಇರುವ ಗಂಭೀರ ಕಾದಂಬರಿಗೆ: “ಯಾರೂ ಸಾಯಲಿಲ್ಲ. ಓದುಗ ಸ್ವಲ್ಪದರಲ್ಲಿ ಉಳಿದುಕೊಂಡ.”

ನೀರು ಕುಡಿಯಲು ಬಂದವರು ಎಡಗಡೆಯದನ್ನು ಓದಿ ನಗುತ್ತ ಹೋಗುತ್ತಿದ್ದರು. ಬಲಗಡೆ ತಿದ್ದುಪಡಿಯ ಅಭಿಪ್ರಾಯ ಎರಡು ಹಾಳೆ ತುಂಬಿ ಪಿನ್ನಿನಿಂದ ಜೋತಾಡುತ್ತಿತ್ತು. ಅದರಲ್ಲಿ ಕಥನತಂತ್ರ, ಅಂತರಂಗದ ಶೋಧ, ಕಾಲಪ್ರಜ್ಞೆ ಎಲ್ಲವೂ ಇರುತ್ತಿದ್ದವು. ಅದನ್ನೂ ಉಪಯೋಗಿಸುವವರಿದ್ದರು ಎನ್ನುವುದಕ್ಕೆ ಸಾಕ್ಷಿ ಉಂಟು: ಪ್ರೆಸ್ಸಿನ ಯಜಮಾನರು ಒಮ್ಮೆ ಅದರ ಅಂಚಿನಲ್ಲಿ ಪ್ಲಂಬರನ ಫೋನ್ ನಂಬರು ಬರೆದಿಟ್ಟಿದ್ದರು.

ಕೊನೆಯ ಪುಸ್ತಕವನ್ನು ಆರಿಸಿದ್ದು ತಿದ್ದುಪಡಿ. ಹಳೇ ಪುಸ್ತಕದ ಅಂಗಡಿಯಲ್ಲಿ ಅದರ ಹಿಂಬದಿಯ ರಟ್ಟಿನ ಮೇಲೆ “ಕೊಲೆಗಿಂತ ಮಿಗಿಲಾದುದನ್ನು ಅರಸುವ ಕಾದಂಬರಿ” ಎಂದಿದ್ದದ್ದನ್ನು ನೋಡಿ ಅವನ ಜೀವ ಹಿಗ್ಗಿತ್ತು. ಕೊಳವೊಂದರ ದಡದಲ್ಲಿ ಪಿಯಾನೊ ಕಲಿಸುವವಳ ಹೆಣ ಸಿಗುತ್ತದೆ. ಪತ್ತೆಗೆ ಬಂದ ಇನ್ಸ್‌ಪೆಕ್ಟರು ಕೊಳವನ್ನು ನೋಡುತ್ತ ತನ್ನ ಮುರಿದ ಮದುವೆಯ ಬಗ್ಗೆ ಯೋಚಿಸುತ್ತಾನೆ. ಎರಡನೆಯ ಫಾರಂನಲ್ಲೂ ಯೋಚಿಸುತ್ತಾನೆ, ಮೂರನೆಯದರಲ್ಲೂ ಯೋಚಿಸುತ್ತಾನೆ. ತಿದ್ದುಪಡಿ ಇದನ್ನು ಓದುತ್ತ ಸಂಜೆಯ ಬೆಳಕಿನಲ್ಲೇ ತೂಕಡಿಸುತ್ತಿದ್ದ. ಕಣ್ಣಿಗೆ ಆಯಾಸವಾಗಿದೆ ಎಂದು ಹೊಸ ಕನ್ನಡಕಕ್ಕೆ ಅಳತೆ ಕೊಟ್ಟು ಬಂದ. ಆದರೂ ಮಧ್ಯಾಹ್ನ ಬೈಂಡರ್ ಮುಂದಿನ ಫಾರಂ ತಂದುಕೊಡುವಾಗ “ಗಟ್ಟಿ ಪುಸ್ತಕ” ಎನ್ನುತ್ತಿದ್ದ. “ಗಟ್ಟಿ” ಎಂದು ಬೈಂಡರನೂ ತಲೆಯಾಡಿಸುತ್ತಿದ್ದ. ಕಥೆ ಹೀಗಿರುವಾಗ ಆ ಭಾನುವಾರ ಬಂತು.

ಸಂತಾಪ ಸಭೆ ಬೈಂಡಿಂಗ್ ವಿಭಾಗದಲ್ಲೇ ನಡೆಯಿತು. ಮಡಿಚುವ ಮೇಜನ್ನು ಗೋಡೆಗೆ ಸರಿಸಿ ಕುರ್ಚಿ ಹಾಕಿದ್ದರು. ಅಚ್ಚಿನ ಯಂತ್ರ ನಡೆಸುವ ಮಷೀನ್‌ಮ್ಯಾನ್ ಎರಡೇ ಮಾತಾಡಿ ಕುಳಿತುಬಿಟ್ಟ. ತಿದ್ದುಪಡಿಯ ಸರದಿ ಬಂದಾಗ, ರಾತ್ರಿಯೆಲ್ಲ ತಯಾರಿ ಮಾಡಿದ್ದ ಭಾಷಣವನ್ನು ಶುರುಮಾಡಿದ. ಗೆಳೆಯನ ಬಗ್ಗೆ ಎಂದು ತೊಡಗಿದ ಮಾತು ಓದಿನ ಮಹತ್ವಕ್ಕೆ ಹೋಗಿ, ಅಲ್ಲಿಂದ ತಾನು ಓದಿದ ಪುಸ್ತಕಗಳಿಗೆ ಹೋಗಿ, ಎಲ್ಲಿ ನಿಲ್ಲಿಸಬೇಕೆಂದು ತೋಚದೆ ನಿಂತಿತು. ಎದುರಿಗೆ ಮುಖಗಳೆಲ್ಲ ಕೆಳಗೆ ನೋಡುತ್ತಿದ್ದವು. ಏನಾದರೂ ಒಂದು ಹೇಳಿ ಕೂರಬೇಕಿತ್ತು. “ಅವನು ಕೊನೆಗೆ ಓದುತ್ತಿದ್ದ ಪುಸ್ತಕದ ಬಗ್ಗೆ ಅವನ ಅಭಿಪ್ರಾಯ ಬೋರ್ಡಿನ ಎಡಗಡೆ ಬಂದೇ ಬರುತ್ತದೆ. ಅದು ನನ್ನ ಹೊಣೆ” ಎಂದುಬಿಟ್ಟ. ಆಗ ಎಲ್ಲರೂ ತಲೆಯೆತ್ತಿದರು. ಕುಳಿತ ಮೇಲೆ ತಾನು ಹೇಳಿದ್ದೇನೆಂದು ತಿಳಿಯಿತು. ಬೈಂಡರನ ಅಭಿಪ್ರಾಯ ಏನೆಂದು ಅವನಿಗೆ ಗೊತ್ತಿರಲಿಲ್ಲ. ಪುಸ್ತಕದ ಮುಕ್ಕಾಲು ಪಾಲು ಬೈಂಡರನ ಮನೆಯಲ್ಲೇ ಇತ್ತು.

ಸಾವಾದ ಮನೆಗೆ ಹೋಗಿ ಪತ್ತೇದಾರಿ ಕಾದಂಬರಿಯ ಉಳಿದ ಭಾಗ ಕೊಡಿ ಎಂದು ಕೇಳುವುದು ಹೇಗೆಂದು ಯಾವ ಪುಸ್ತಕದಲ್ಲೂ ಅವನು ಓದಿರಲಿಲ್ಲ. ಬೈಂಡರನ ಹೆಂಡತಿಯನ್ನು ಅವನು ಅತ್ತಿಗೆ ಎನ್ನುತ್ತಿದ್ದ. ಆಕೆ ಮನೆಯಲ್ಲೇ ಹೊಲಿಗೆ ಮಾಡುವವರು. ಅಂದು ಹೊಲಿಗೆ ಮಷೀನಿನ ಮೇಲೆ ಹೊದಿಕೆ ಹಾಕಿತ್ತು. ಆಕೆಯ ಅಣ್ಣ ಪಕ್ಕದಲ್ಲಿ ಕುಳಿತು ಬಂದವರನ್ನು ಮಾತಾಡಿಸುತ್ತಿದ್ದರು. ತಿದ್ದುಪಡಿ ಸ್ವಲ್ಪ ಹೊತ್ತು ನೆಲ ನೋಡಿ, ಸ್ವಲ್ಪ ಹೊತ್ತು ಸೂರು ನೋಡಿ, “ಅವನ ಹತ್ರ ನಂದೊಂದಿಷ್ಟು ಕಾಗದ ಇತ್ತು, ಅತ್ತಿಗೆ” ಎಂದ.

ಅಣ್ಣ ನೆಟ್ಟಗೆ ಕುಳಿತರು. “ಎಂಥ ಕಾಗದ?”

“ಅಂಥದ್ದೇನಿಲ್ಲ. ಓದೋ ಕಾಗದ.”

“ಸಹಿ ಗಿಹಿ ಏನಾದ್ರೂ ಮಾಡಿದಾರಾ ಅದಕ್ಕೆ?”

ಅತ್ತಿಗೆ ಎದ್ದು ಒಳಗೆ ಹೋದರು. ಮಂಚದ ಪಕ್ಕದ ಕಪಾಟಿನಿಂದ, ಮೇಲಿನ ಖಾನೆಯಲ್ಲೂ ಕೆಳಗಿನ ಖಾನೆಯಲ್ಲೂ ಇದ್ದ ಫಾರಂಗಳನ್ನೆಲ್ಲ ಒಟ್ಟು ಮಾಡಿ ಬಟ್ಟೆಯ ಚೀಲದಲ್ಲಿ ಹಾಕಿ ತಂದುಕೊಟ್ಟರು. “ಹೆಣದ ಕಥೆ ಅಣ್ಣಾ, ಬೇರೇನಲ್ಲ” ಎಂದು ಅಣ್ಣನಿಗೆ ಹೇಳಿದರು. ಮನೆಯಲ್ಲಿದ್ದ ನಾಲ್ಕಾರು ಜನ ತಿದ್ದುಪಡಿಯ ಕಡೆ ತಿರುಗಿದರು. ಅವನು ಚೀಲವನ್ನು ಎದೆಗವಚಿಕೊಂಡು, ಚಪ್ಪಲಿ ಅದಲುಬದಲಾದದ್ದೂ ತಿಳಿಯದೆ ಮೆಟ್ಟಿಲಿಳಿದ.

ಮನೆಯಲ್ಲಿ ಅಕ್ಕ ಇದ್ದಳು. ತಿದ್ದುಪಡಿ ಮದುವೆಯಾಗದವನು, ಗಂಡನನ್ನು ಕಳೆದುಕೊಂಡ ಅಕ್ಕನ ಜೊತೆ ಇದ್ದ. ಅಕ್ಕ ಚೀಲ ನೋಡಿ, “ಅವನಿಲ್ಲದಿದ್ರೂ ಅವನ ಹತ್ರದಿಂದ ತರೋದು ತಪ್ಪಲಿಲ್ಲ ನಿನಗೆ” ಎಂದಳು. ಅವನು ಚೀಲ ಬಿಚ್ಚಿ ಕುಳಿತ. ಒಂದೇ ಸಲಕ್ಕೆ ಇಷ್ಟೊಂದು ಫಾರಂ ಕೈಗೆ ಬಂದದ್ದು ಇದೇ ಮೊದಲು. ಇಷ್ಟು ದಿನ ಒಂದಾದ ಮೇಲೊಂದನ್ನು ಕೊಡುವ ಕೈ ಇತ್ತು. ಯಾವುದರ ಮುಂದೆ ಯಾವುದು ಎಂದು ಅವನು ಯೋಚಿಸಬೇಕಾಗಿಯೇ ಇರಲಿಲ್ಲ. ಮೇಲಿದ್ದದ್ದನ್ನು ಮೊದಲು ತೆಗೆದ.

ಕೊಳದ ಇನ್ಸ್‌ಪೆಕ್ಟರು ಯೋಚಿಸುತ್ತಲೇ ಇದ್ದ. ಫಾರಂನ ಕೊನೆಯ ಸಾಲಿನಲ್ಲಿ ಅವನು ಸತ್ತವಳ ಮನೆಗೆ ಬಂದು “ನಿಧಾನವಾಗಿ ಬಾಗಿಲು” ಎಂಬಲ್ಲಿಗೆ ಹಾಳೆ ಮುಗಿಯಿತು. ಮುಂದಿನ ಫಾರಂ ಎತ್ತಿದರೆ ಮೊದಲ ಸಾಲು “ತಿಂದು ಮುಗಿಸಿ ಬಾಯಿ ಒರೆಸಿಕೊಂಡನು” ಎಂದಿತ್ತು.

ತಿದ್ದುಪಡಿ ಕನ್ನಡಕ ತೆಗೆದು ಒರೆಸಿ ಮತ್ತೆ ಹಾಕಿಕೊಂಡ. ಬೇರೆ ಯಾರಾದರೂ ಆಗಿದ್ದರೆ ಇಲ್ಲೇನೋ ಎಡವಟ್ಟಾಗಿದೆ ಎಂದುಕೊಳ್ಳುತ್ತಿದ್ದರು. ಪುಟ ಹಿಂದುಮುಂದಾದರೆ ಹಿಡಿಯುವುದಕ್ಕೆಂದೇ ಸಂಬಳ ತೆಗೆದುಕೊಳ್ಳುವ ಮನುಷ್ಯ ಹಾಗೆಂದುಕೊಳ್ಳಲಿಲ್ಲ. ಬಹಳ ಓದಿದವರಿಗೆ ಮಾತ್ರ ಬರುವ ಒಂದು ಕಾಯಿಲೆ ಇದೆ: ಅರ್ಥವಾಗದ್ದು ಸಿಕ್ಕರೆ ಅದು ಆಳವಾಗಿದೆ ಎಂದು ತಿಳಿಯುವುದು. ಅವನ ಮೈ ಜುಮ್ಮೆಂದಿತು. ಇನ್ಸ್‌ಪೆಕ್ಟರು ಬಾಗಿಲನ್ನು ತಿಂದಿದ್ದಾನೆ. ತನಗೂ ಲೋಕಕ್ಕೂ ನಡುವೆ ಇದ್ದ ಬಾಗಿಲು ಅದು. ಕೊನೆಗೂ ಪುಸ್ತಕ ಎದ್ದು ಕುಳಿತಿತು ಎಂದುಕೊಂಡ.

ಬಾಯಿ ಒರೆಸಿಕೊಂಡವನು ಮುಂದೆ ಸೂಟ್‌ಕೇಸು ಹಿಡಿದು ಓಡುವ ರೈಲು ಹತ್ತುತ್ತಾನೆ. ಅವನ ಹೆಸರು ಬೇರೆಯಾಗಿತ್ತು, ಉದ್ಯೋಗವೂ ವಿಮಾ ಏಜೆಂಟಿನದಾಗಿತ್ತು. ತನ್ನಿಂದಲೇ ತಪ್ಪಿಸಿಕೊಳ್ಳುತ್ತಿದ್ದಾನೆ, ಪಾಪ ಎಂದು ತಿದ್ದುಪಡಿ ಮರುಗಿದ. ಊಟದ ಬೋಗಿಯಲ್ಲಿ ಒಬ್ಬಳು ಹಾಡು ಗುನುಗುತ್ತ ಕುಳಿತಿದ್ದಳು. ಕೊಳದ ದಡದಲ್ಲಿ ಸತ್ತ ಪಿಯಾನೊ ಶಿಕ್ಷಕಿಯೇ ಅವಳು ಎನ್ನುವುದು ಅವನಿಗೆ ಥಟ್ಟನೆ ಹೊಳೆಯಿತು. ಮುಂದಿನ ಫಾರಂನಲ್ಲಿ ಮತ್ತೆ ಕೊಳ, ಅದರ ಮುಂದಿನದರಲ್ಲಿ ಮತ್ತೆ ರೈಲು. ಕೊಳದ್ದೂ ರೈಲಿಂದೂ ಒಂದೇ ಪ್ರಕಾಶನದ ಮಾಲೆ, ಅದೇ ಅಚ್ಚು, ಅದೇ ಕಂದು ಕಾಗದ. ನೆನಪೊಂದು ಹಳಿ, ವರ್ತಮಾನವೊಂದು ಹಳಿ ಎಂದು ಅಕ್ಕನಿಗೆ ವಿವರಿಸಿದ. ಅಕ್ಕ ಸೊಪ್ಪು ಬಿಡಿಸುತ್ತ, “ಮತ್ತೆ ಕೊಂದದ್ದು ಯಾರು?” ಎಂದಳು. ಕೊಂದವರ ಪ್ರಶ್ನೆಯನ್ನೇ ದಾಟಿ ಹೋದ ಪುಸ್ತಕ ಇದು ಎಂದ. “ಹಂಗಾದ್ರೆ ಸತ್ತೋಳ ಮನೆಯವ್ರು ಏನ್ ಮಾಡ್ಬೇಕು?” ಎಂದಳು. ತಿದ್ದುಪಡಿ ಮುಂದಿನ ಫಾರಂ ಎತ್ತಿಕೊಂಡ.

ಕಟ್ಟಿನ ಅರ್ಧಕ್ಕೇ ಪುಸ್ತಕ ಪೂರ್ತಿ ಅರ್ಥವಾಯಿತೆಂದು ಓದು ನಿಲ್ಲಿಸಿದ. ಕಷ್ಟವಾದದ್ದು ಅಭಿಪ್ರಾಯ ಬರೆಯುವಾಗ. ಎಡಗಡೆಗೆ ಬೈಂಡರನ ಹಾಗೆ ಒಂದೇ ಸಾಲು ಬರೆಯಬೇಕಿತ್ತು. ಅವನ ದನಿಯನ್ನು ನೆನೆದುಕೊಂಡು ಕುಳಿತರೆ ಅದು ಬರುತ್ತಿತ್ತು, ಆದರೆ “ತಂದ್ಯಾ ಅಂತ ಕೇಳೋ ಮೊದಲು ಕೈ ತೊಳ್ಕೋ” ಎನ್ನುವಂಥ ಮಾತುಗಳೇ ಬರುತ್ತಿದ್ದವು. ತಿದ್ದುಪಡಿ ಲೇಖನಿ ಕೆಳಗಿಟ್ಟ. ಮಧ್ಯಾಹ್ನಗಳಲ್ಲಿ ಈಗಲೂ ಡಬ್ಬಿ ಹಿಡಿದು ರೀಮುಗಳ ಬಳಿಗೇ ಹೋಗುತ್ತಿದ್ದ. ಬೇರೆ ಕಡೆ ಕೂತರೆ ಅನ್ನ ಇಳಿಯುತ್ತಿರಲಿಲ್ಲ, ಅಲ್ಲಿ ಕೂತರೂ ಇಳಿಯುತ್ತಿರಲಿಲ್ಲ. ಎರಡರಲ್ಲಿ ಪರಿಚಯದ ಜಾಗ ವಾಸಿ.

ಕೊನೆಗೆ ಒಂದೇ ಸಾಲು ಎಂದು ಹೊರಟದ್ದು ಒಂದು ಹಾಳೆಯಾಯಿತು. “ಇನ್ಸ್‌ಪೆಕ್ಟರು ಬಾಗಿಲನ್ನು ತಿನ್ನುವ ಆ ಒಂದು ಕ್ಷಣಕ್ಕಾಗಿ ಇಡೀ ಪುಸ್ತಕವನ್ನು ಓದಬಹುದು. ಸತ್ತವಳು ರೈಲಿನಲ್ಲಿ ಊಟ ಮಾಡುವುದು ಸಾವಿನ ಬಗ್ಗೆ ನಮಗಿರುವ ಭ್ರಮೆಯನ್ನು ಕಳಚುತ್ತದೆ” ಎಂದು ಮೊದಲಾಗಿ ಬರೆದು ಬೋರ್ಡಿನ ಎಡಗಡೆ ಅಂಟಿಸಿದ. ನೀರು ಕುಡಿಯಲು ಬಂದವರು ಅಭ್ಯಾಸಬಲದಿಂದ ಎಡಗಡೆ ನೋಡಿದರು, ಓದಿದರು, ಗ್ಲಾಸು ಕೆಳಗಿಟ್ಟು ಇನ್ನೊಮ್ಮೆ ಓದಿದರು. ಯಾರೂ ನಗಲಿಲ್ಲ. “ಕೊನೇ ಕೊನೇಗೆ ಅವನಿಗೂ ಏನೋ ಆಗಿತ್ತು ಅನ್ಸುತ್ತೆ” ಎಂದು ಮಷೀನ್‌ಮ್ಯಾನ್ ಮೆಲ್ಲಗೆ ಹೇಳಿ ಹೋದ. ಅದು ತಿದ್ದುಪಡಿಯ ಕಿವಿಗೆ ಬಿತ್ತು. ಆ ಮಾತು ತನ್ನ ಬಗ್ಗೆ ಆಗಿದ್ದರೆ ಚಿಂತೆಯಿರಲಿಲ್ಲ. ಅವನಿಲ್ಲದ ಹೊತ್ತಿನಲ್ಲಿ ಅವನ ಬಾಯಿಗೆ ತನ್ನ ಮಾತು ತುರುಕಿ, ಇಡೀ ಪ್ರೆಸ್ಸಿನ ಮುಂದೆ ಅವನನ್ನು ತನ್ನಂತೆಯೇ ಮಾಡಿಬಿಟ್ಟೆನೇ ಎಂದು ಅಂದೆಲ್ಲ ಕೆಲಸದಲ್ಲಿ ಮನಸ್ಸು ನಿಲ್ಲಲಿಲ್ಲ. ತೆಗೆದುಬಿಡೋಣ ಎಂದರೆ ಸಭೆಯಲ್ಲಿ ಕೊಟ್ಟ ಮಾತು. ಇಟ್ಟರೆ ಇದು.

ಆ ವಾರದಲ್ಲೇ ಅತ್ತಿಗೆ ಪ್ರೆಸ್ಸಿಗೆ ಬಂದರು, ಬೈಂಡರನ ಸಾಮಾನು ತೆಗೆದುಕೊಂಡು ಹೋಗಲು. ಒಂದು ಕತ್ತರಿ, ಮಡಿಕೆ ತೀಡುವ ಮೂಳೆಯ ಪಟ್ಟಿ, ಮೇಜಿನ ಕೆಳಗಿನ ಹಳೇ ಏಪ್ರನ್ನು. ಎಲ್ಲವನ್ನೂ ಚೀಲಕ್ಕೆ ಹಾಕಿಕೊಂಡು, ಬಿಸಿಲಿಗೆ ಬಾಯಾರಿ ನೀರಿನ ನಲ್ಲಿಯ ಹತ್ತಿರ ಹೋದರು. ಬೋರ್ಡು ಕಂಡಿತು. ಗಂಡನ ಹೆಸರಿನ ಕೆಳಗಿದ್ದ ಹಾಳೆಯನ್ನು ಓದತೊಡಗಿದರು.

ಸ್ವಲ್ಪ ಹೊತ್ತಿಗೆ ಅವರ ಬೆನ್ನು ಅದುರುವುದನ್ನು ಕಂಡು ಮಷೀನ್‌ಮ್ಯಾನ್ ಮಷೀನು ನಿಲ್ಲಿಸಿದ. ಯಾರೋ ಕುರ್ಚಿ ತಂದರು, ಇನ್ಯಾರೋ ಗ್ಲಾಸಿನಲ್ಲಿ ನೀರು ತಂದರು. ತಿದ್ದುಪಡಿ ಕರಡು ಬಿಟ್ಟು ಓಡಿ ಬಂದು, ತನ್ನಿಂದಲೇ ಇವರಿಗೆ ದುಃಖ ಒತ್ತರಿಸಿ ಬಂತು ಎಂದುಕೊಂಡು, ಕೈ ಹೊಸಕಿಕೊಳ್ಳುತ್ತ ನಿಂತ. ಅತ್ತಿಗೆ ತಿರುಗಿದರು. ಕಣ್ಣಲ್ಲಿ ನೀರಿತ್ತು, ನಿಜ. ಆದರೆ ಸೆರಗಿನಿಂದ ಬಾಯಿ ಮುಚ್ಚಿಕೊಂಡು ಅವರು ನಗುತ್ತಿದ್ದರು.

“ಬಾಗಿಲು ತಿಂದನಾ?” ಎಂದರು, ಉಸಿರು ಹಿಡಿಯಲಾಗದೆ. “ತಿದ್ದುಪಡಿಯವ್ರೇ, ಅದು ಎರಡು ಪುಸ್ತಕ.”

ತಿದ್ದುಪಡಿಗೆ ಮೊದಲು ಅರ್ಥವಾಗಲಿಲ್ಲ. ಆಮೇಲೆ ಒಮ್ಮೆಲೇ ಎಲ್ಲವೂ ಅರ್ಥವಾಯಿತು: ಬದಲಾದ ಹೆಸರು, ರೈಲು, ಊಟದ ಬೋಗಿ. ಅಲ್ಲಿ ನಿಂತಿದ್ದವರಿಗೂ ಒಬ್ಬೊಬ್ಬರಿಗೇ ಅರ್ಥವಾಗುತ್ತಿರುವುದು ಅವರ ಮುಖದಲ್ಲೇ ಕಾಣುತ್ತಿತ್ತು. ಯಜಮಾನರು ಕೆಮ್ಮಿನ ನೆಪ ಮಾಡಿ ಒಳಗೆ ಹೋದರು.

“ಕೊಳದ್ದು ಬೇರೆ, ರೈಲಿಂದು ಬೇರೆ” ಎಂದು ಅತ್ತಿಗೆ ಬಿಡಿಸಿ ಹೇಳಿದರು. “ರೈಲಿಂದು ಅವರು ಗುಟ್ಟಾಗಿ ಓದ್ತಿದ್ರು. ನಿಮ್ಮ ಕೊಳದ್ದು ಅವರಿಗೆ ಒಂಚೂರೂ ಹಿಡಿಸಿರಲಿಲ್ಲ. ಮಾತ್ರೆ ನುಂಗಿದ ಹಾಗೆ ದಿನಾ ಒಂದು ಫಾರಂ ಓದೋರು. ಆಮೇಲೆ ಬಾಯಿ ರುಚಿಗೆ ಅಂತ ಇದನ್ನ ತೆಗೆಯೋರು.”

“ಮತ್ತೆ ನನ್ನ ಹತ್ರ ಒಂದು ಮಾತು ಹೇಳಬಾರದಿತ್ತಾ?”

“ನಿಮಗದು ಬಲು ಇಷ್ಟ ಅಂದ್ಕೊಂಡಿದ್ರು. ಪಾಪ, ಅವನು ಆಸೆಪಟ್ಟು ಆರಿಸಿದ ಪತ್ತೇದಾರಿ ಇದೊಂದೇ ಕಣೇ, ಕೊನೇವರೆಗೂ ಜೊತೆಗೆ ಹೋಗೋಣ ಅನ್ನೋರು.”

ತಿದ್ದುಪಡಿ ಅದೇ ಕುರ್ಚಿಯಲ್ಲಿ ಕುಳಿತ. ಅತ್ತಿಗೆಗೆಂದು ತಂದ ನೀರನ್ನು ತಾನೇ ಕುಡಿದ. ಕೊಳ ನೋಡುತ್ತ ನಿಂತ ಆ ಇನ್ಸ್‌ಪೆಕ್ಟರನ್ನು ಮೂರನೆಯ ಫಾರಂನಲ್ಲೇ ಕೊಳಕ್ಕೆ ನೂಕಬೇಕೆಂದು ಅವನಿಗೂ ಅನ್ನಿಸಿತ್ತು. ಮಧ್ಯಾಹ್ನ ಬೈಂಡರ್ ಅಷ್ಟು ಹುರುಪಿನಿಂದ ಮುಂದಿನದನ್ನು ಕೈಗಿಡುತ್ತಿದ್ದುದನ್ನು ನೋಡಿ, ಇವನಿಗೆ ಕೊನೆಗೂ ಒಳ್ಳೆಯ ಪುಸ್ತಕದ ರುಚಿ ಹತ್ತಿತು, ಈಗ ಬೇಡವೆನ್ನುವುದು ಹೇಗೆ ಎಂದು ಕಣ್ಣು ಬಿಗಿಹಿಡಿದು ಓದಿದ್ದ. ಹೊಸ ಕನ್ನಡಕ ಮಾಡಿಸಿಕೊಂಡದ್ದೂ ಅದಕ್ಕೇ.

“ನನಗೂ ಹಿಡಿಸಿರಲಿಲ್ಲ, ಅತ್ತಿಗೆ” ಎಂದ.

ಅತ್ತಿಗೆ ಖಾಲಿ ಗ್ಲಾಸನ್ನು ಅವನ ಕೈಯಿಂದ ತೆಗೆದುಕೊಂಡು ನಲ್ಲಿಯ ಬಳಿ ಇಟ್ಟರು. ಮಷೀನು ಮತ್ತೆ ಶುರುವಾಯಿತು.

ಅಂದು ಸಂಜೆ ತಿದ್ದುಪಡಿ ಎಡಗಡೆಯ ಹಾಳೆ ಕಿತ್ತು, ಅದೇ ಜಾಗದಲ್ಲಿ ಚಿಕ್ಕ ಚೀಟಿಯೊಂದನ್ನು ಅಂಟಿಸಿದ: “ಕೊಳದ್ದು: ಅವನಿಗೆ ಹಿಡಿಸಿರಲಿಲ್ಲ. ಇಲ್ಲಿ ಮೊದಲು ಹಾಕಿದ್ದ ಅಭಿಪ್ರಾಯ ಅವನದಲ್ಲ. ಎರಡು ಪುಸ್ತಕಗಳನ್ನು ಒಂದೆಂದು ಓದಿದವನದು.” ತಿದ್ದುಪಡಿ ಬರೆದದ್ದೆಂದು ತಿಳಿದೂ ಒಂದು ಅಭಿಪ್ರಾಯವನ್ನು ಪ್ರೆಸ್ಸಿನವರೆಲ್ಲ ಕೊನೆಯವರೆಗೆ ಓದಿದ್ದು ಅದೇ ಮೊದಲು. ಮಷೀನ್‌ಮ್ಯಾನ್ ಬಂದು ಬೆನ್ನು ತಟ್ಟಿ, “ಈಗ ಅವನೇ ಬರೆದ ಹಂಗಿದೆ” ಎಂದ.

ಆದರೆ ಅತ್ತಿಗೆ ಹೊರಡುವ ಮೊದಲು ಗೇಟಿನ ಹತ್ತಿರ ಇನ್ನೊಂದು ಮಾತು ಹೇಳಿದ್ದರು. ಅವರು ಅಂಗಿಯ ಗುಂಡಿಗೆ ಕಾಜಾ ಹೊಲಿಯುತ್ತ ಕೂತಾಗ ಬೈಂಡರ್ ಎದುರಿಗೆ ಕೂತು ರೈಲಿನ ಕಥೆಯನ್ನು ದಿನಾ ಇಷ್ಟಿಷ್ಟು ಹೇಳುತ್ತಿದ್ದನಂತೆ. ಹೆಣದ ಕಥೆ ನನಗೆ ಬೇಡ ಎಂದು ಇವರು ರೇಗಿದರೂ ಬಿಡುತ್ತಿರಲಿಲ್ಲ. ಊಟದ ಬೋಗಿಯಲ್ಲಿ ಹಾಡು ಗುನುಗುವವಳು ಬಂದು ಏಜೆಂಟಿನ ಎದುರಿಗೆ ಕುಳಿತಳು, ಅಲ್ಲಿಗೆ ನಿಂತಿದೆ. “ಆ ಸೂಟ್‌ಕೇಸಿನಲ್ಲಿ ಏನಿತ್ತು ಅಂತ ನಿಮಗೆ ಗೊತ್ತಾಯ್ತಾ?” ಎಂದು ಕೇಳಿದರು. ಕೇಳುವಾಗ ಚೀಲದ ಹಿಡಿಯನ್ನು ಬೆರಳಿಗೆ ಸುತ್ತಿಕೊಳ್ಳುತ್ತಿದ್ದರು. ಹೊಲಿಗೆ ಮಷೀನಿನ ಹೊದಿಕೆ ತೆಗೆಯಲು ಕೈ ಬರುತ್ತಿಲ್ಲ ಎಂದರು. ತಿದ್ದುಪಡಿಗೆ ಗೊತ್ತಾಗಿರಲಿಲ್ಲ. ಅವನು ಓದುವಾಗ ಸೂಟ್‌ಕೇಸಿನ ಕಡೆ ಗಮನವನ್ನೇ ಕೊಟ್ಟಿರಲಿಲ್ಲ. ಅದೊಂದು ಸಂಕೇತ ಎಂದು ಅದರ ಬದಿಯಲ್ಲಿ ಪೆನ್ಸಿಲ್‌ನಿಂದ ಗುರುತು ಹಾಕಿ ಮುಂದೆ ಹೋಗಿದ್ದ.

ಮನೆಗೆ ಬಂದು ಅಕ್ಕನ ಮಂಚದ ಮೇಲೆ ಫಾರಂಗಳನ್ನೆಲ್ಲ ಹರಡಿದ. ಒಂದರ ಕೊನೆಯ ಸಾಲು, ಇನ್ನೊಂದರ ಮೊದಲ ಸಾಲು ಹೊಂದಿಸುತ್ತ ಕೊಳವನ್ನು ಒಂದು ಕಡೆ, ರೈಲನ್ನು ಒಂದು ಕಡೆ ಮಾಡಿದ. ಏಜೆಂಟು ತಿಂದು ಮುಗಿಸಿದ್ದು ರೈಲ್ವೆ ನಿಲ್ದಾಣದ ಬಿಸ್ಕತ್ತು ಎನ್ನುವುದೂ ಪತ್ತೆಯಾಯಿತು. ಮಲಗಲು ಜಾಗವಿಲ್ಲದೆ ನಿಂತಿದ್ದ ಅಕ್ಕ, “ಇದನ್ನ ಮೊದಲೇ ಮಾಡಿದ್ರೆ ಊರೆಲ್ಲ ನಗೋದು ತಪ್ತಿತ್ತಲ್ಲೋ” ಎಂದಳು. ಆಮೇಲೆ ತಾನೂ ಕನ್ನಡಕ ಹಾಕಿಕೊಂಡು ಒಂದು ಫಾರಂ ಎತ್ತಿಕೊಂಡಳು. ಕೊಳದ ಕಟ್ಟನ್ನು ತಿದ್ದುಪಡಿ ಕೊನೆಯವರೆಗೆ ಓದಲೇ ಇಲ್ಲ. ಪಿಯಾನೊ ಶಿಕ್ಷಕಿಯನ್ನು ಕೊಂದವರು ಇಂದಿಗೂ ಆರಾಮವಾಗಿದ್ದಾರೆ.

ಶನಿವಾರ ಮಧ್ಯಾಹ್ನ ಕೆಲಸ ಮುಗಿಸಿ ಅತ್ತಿಗೆಯ ಮನೆಗೆ ಹೋದ. ರೈಲಿನ ಫಾರಂಗಳನ್ನು ಓದಲು ಕೊಟ್ಟರೆ ಅವರು ಕೈಯಲ್ಲೂ ಹಿಡಿಯಲಿಲ್ಲ. ತಾನು ಓದುವವಳಲ್ಲ, ಕೇಳುವವಳು ಎಂದರು. ಮಷೀನಿನ ಹೊದಿಕೆಯನ್ನು ತೆಗೆದು ಮಡಿಚಿಟ್ಟು, ಯಾರದೋ ಅಂಗಿ ತೆಗೆದುಕೊಂಡು ಕುಳಿತರು. ತಿದ್ದುಪಡಿ ಗಂಟಲು ಸರಿಮಾಡಿಕೊಂಡು ಊಟದ ಬೋಗಿಯಿಂದ ತೊಡಗಿದ. ಮೊದಲು ಬೋಗಿಯ ಕಿಟಕಿ ಹೇಗಿತ್ತು ಎಂದು ಹೇಳಿದ. ಆಮೇಲೆ, ಈ ಲೇಖಕ ಕಿಟಕಿಗಳನ್ನು ಬಳಸುವ ರೀತಿಯ ಬಗ್ಗೆ ಹೇಳಿದ. ಹಾಡು ಗುನುಗುವವಳು ತರಹೇಳಿದ್ದ ಚಹಾ ಇನ್ನೂ ಟೇಬಲ್ಲಿಗೆ ಬಂದಿರಲಿಲ್ಲ.

ಅತ್ತಿಗೆ ದಾರವನ್ನು ಹಲ್ಲಿನಿಂದ ಕಡಿದು, ಸೂಜಿಯನ್ನು ಬೆಳಕಿಗೆ ಹಿಡಿದು ನೋಡಿದರು.

“ಅವರಾಗಿದ್ರೆ ಇಷ್ಟು ಹೊತ್ತಿಗೆ ಇನ್ನೊಂದು ಹೆಣ ಬಿದ್ದಿರ್ತಿತ್ತು” ಎಂದರು. “ಹೂಂ, ಹೇಳಿ.”

ತಿದ್ದುಪಡಿ ಕಿಟಕಿಯನ್ನು ಅಲ್ಲಿಗೇ ಬಿಟ್ಟು ಟೇಬಲ್ಲಿಗೆ ಚಹಾ ತರಿಸಿದ.